ಬೀಗರ ಮನೆಯ ನೀಲಿ ಡ್ರಮ್ಮು

ತಂಬಿಗೆ ಮುಂದೆ ಹಿಡಿದರೂ ಭೀಮಕ್ಕ ಕೈ ಚಾಚಲಿಲ್ಲ. ಉರಿ ಬಿಸಿಲಲ್ಲಿ ನ್ಯಾಮತಿಯಿಂದ ದಾವಣಗೆರೆ ಮೇಲೆ ಮೂರು ಬಸ್ಸು ಹತ್ತಿಳಿದು ಬಿಳಿಚೋಡಿಗೆ ಬಂದವಳು. ನಾಲಿಗೆ ಅಂಗುಳಕ್ಕೆ ಅಂಟಿತ್ತು. ಆದರೂ ಆ ನೀರು ಮುಟ್ಟಲು ಮನಸ್ಸು ಬರಲಿಲ್ಲ.

"ಯಾಕ್ರೀ ಬೀಗ್ರೆ, ನಮ್ಮನೆ ನೀರು ಗಂಟಲಾಗೆ ಇಳಿಯಲ್ವೇನು?" ಅಂತರಘಟ್ಟಮ್ಮ ನಗುತ್ತಲೇ ಕೇಳಿದಳು, ಆದರೆ ನಗು ಅರ್ಧಕ್ಕೇ ನಿಂತಿತು. ಬಂದವರು ನೀರು ಬೇಡವೆಂದರೆ ಆ ಊರಲ್ಲಿ ಅದು ಮುಖಕ್ಕೆ ಹೊಡೆದ ಹಾಗೆ. ಅಡುಗೆಮನೆಯ ಬಾಗಿಲಲ್ಲಿ ಕಲ್ಪನಾ ನಿಂತಿದ್ದಳು. ಭೀಮಕ್ಕನ ಒಬ್ಬಳೇ ಮಗಳು, ಅಂತರಘಟ್ಟಮ್ಮನ ಸೊಸೆ, ಐದು ತಿಂಗಳ ಬಸುರಿ. ಅವ್ವನಿಗೆ ಏನಾಯಿತೆಂದು ಅವಳಿಗೂ ತಿಳಿಯಲಿಲ್ಲ.

ಮೂಲೆಯಲ್ಲಿ ಡ್ರಮ್ಮು ಕೂತಿತ್ತು. ನೀಲಿ ಬಣ್ಣ, ನಾಲ್ಕು ಕೊಡ ಹಿಡಿಯುವಂಥದ್ದು. ಅಂತರಘಟ್ಟಮ್ಮ ಅದಕ್ಕೆ ಮೂರೆಳೆ ವಿಭೂತಿ ಬಳಿದು, ಬಾಯಿಗೆ ಬಿಳಿ ಬಟ್ಟೆ ಕಟ್ಟಿದ್ದಳು. ತಂದು ಕೊಟ್ಟವಳು ಭೀಮಕ್ಕನೇ.

ನ್ಯಾಮತಿ ಹತ್ತಿರದ ಚಿಲಕದ ಕಾರ್ಖಾನೆಯಲ್ಲಿ ಅವಳಿಗೆ ಕಸ ಗುಡಿಸುವ ಕೆಲಸ. ಚಿಲಕಗಳಿಗೆ ಹೊಳಪು ಬರಲು ಅದ್ದುವ ಕ್ರೋಮ್ ದ್ರಾವಣ ಇಂಥ ಡ್ರಮ್ಮುಗಳಲ್ಲೇ ಬರುವುದು. ಖಾಲಿಯಾದವಕ್ಕೆ ಆಯುಧಪೂಜೆಯ ದಿನ ಕುಂಕುಮ ಹಚ್ಚಿ, ಮಂಡಕ್ಕಿ ಪೊಟ್ಟಣದ ಜೊತೆ ಕೆಲಸದವರಿಗೆ ಹಂಚುವುದು ಅಲ್ಲಿ ನಡೆದುಕೊಂಡು ಬಂದ ಪದ್ಧತಿ. ಹೋದ ಸಲ ಭೀಮಕ್ಕ ತನ್ನ ಪಾಲಿನದನ್ನು ಬೂದಿ, ಹುಣಸೆಹಣ್ಣು ಹಾಕಿ ಮೂರು ದಿನ ತಿಕ್ಕಿದಳು. ವಾಸನೆ ಹೋಯಿತು. ನಾಲ್ಕು ದಿನಕ್ಕೊಮ್ಮೆ ನಲ್ಲಿ ಬರುವ ಬೀಗರ ಮನೆಗೆ ಇದಕ್ಕಿಂತ ದೊಡ್ಡ ಉಡುಗೊರೆ ಯಾವುದು? ಓಣಿಯವರೆಲ್ಲ ಬಂದು ನೋಡಿ ಹೋಗಿದ್ದರು.

ಮೊನ್ನೆ ಸೋಮವಾರ ಕಾರ್ಖಾನೆಗೆ ಹೊಸದಾಗಿ ಬಂದ ಸುರಕ್ಷತಾ ಅಧಿಕಾರಿ ಸುಚಿತ್ರಾ ಎಲ್ಲರನ್ನೂ ಸೇರಿಸಿದಳು.

"ಇವನ್ನ ಎಷ್ಟು ತೊಳೆದ್ರೂ ವಿಷ ಪೂರ್ತಿ ಹೋಗಲ್ರೀ. ಪ್ಲಾಸ್ಟಿಕ್ಕು ಒಳಗೇ ಹೀರ್ಕೊಂಡಿರ್ತೈತೆ. ಯಾರ ಮನೇಲಿದ್ರೂ ತಂದುಬಿಡ್ರಿ. ತೂತು ಹೊಡೆದು, ಇದಕ್ಕಂತಲೇ ಬರೋ ಲಾರಿಗೆ ಕಳಿಸ್ತೀವಿ. ನೀರು ಕುಡಿದೋರನ್ನ ಕರ್ಕೊಂಡು ಬರ್ರಿ, ಡಾಕ್ಟ್ರಿಗೆ ನಾವೇ ತೋರಿಸ್ತೀವಿ. ತಪ್ಪು ಕಾರ್ಖಾನೇದು, ನಿಮ್ದಲ್ಲ."

ಒಬ್ಬೊಬ್ಬರಾಗಿ ಕೈ ಎತ್ತಿದರು. ಭೀಮಕ್ಕನ ಕೈ ಮಾತ್ರ ಸೆರಗಿನೊಳಗೇ ಉಳಿಯಿತು. ಬೀಗರಿಗೆ ಕೊಟ್ಟದ್ದನ್ನು ವಾಪಸ್ ಕೇಳುವುದುಂಟೇ? ಕೇಳಿದರೆ ಮಗಳು ಅತ್ತೆಯ ಮುಂದೆ ತಲೆಯೆತ್ತಿ ಬಾಳುವುದು ಹೇಗೆ? ಕೇಳದಿದ್ದರೆ ಅವಳ ಹೊಟ್ಟೆಯೊಳಗಿನ ಕೂಸು? ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಮಾನವನ್ನು ನ್ಯಾಮತಿ ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟು ಬಸ್ಸು ಹತ್ತಿದ್ದಳು.

"ಬೀಗ್ರೆ, ಆ ಡ್ರಮ್ಮು ವಾಪಸ್ ಕೊಟ್ಟುಬಿಡ್ರಿ."

"ಏನಂದ್ರಿ?"

"ಅದರಾಗೆ ವಿಷ ಐತಂತೆ. ನಂಗೆ ಗೊತ್ತಿರ್ಲಿಲ್ಲ. ನನ್ನ ಕೈಯಾರೆ ತಂದು ಇಟ್ಟೆ. ಬೈಯಾಕೆ ನಾನಿದೀನಿ, ಅವಳಿಗೆ ಒಂದು ಮಾತು ಅನ್ನಬ್ಯಾಡ್ರಿ." ಉಳಿದದ್ದನ್ನೆಲ್ಲ ಅಳುತ್ತಲೇ ಹೇಳಿದಳು. ಡಾಕ್ಟರ ವಿಷಯವನ್ನೂ ಬಿಡಲಿಲ್ಲ.

ಅಂತರಘಟ್ಟಮ್ಮ ಕೈಯಲ್ಲಿದ್ದ ತಂಬಿಗೆ ನೋಡಿದಳು. ಸೊಸೆಯ ಹೊಟ್ಟೆ ನೋಡಿದಳು. ಏಳು ತಿಂಗಳು ಅದೇ ನೀರನ್ನು ತಾನೂ ಕುಡಿದಿದ್ದಳು. ಮುಖ ಕೆಂಪಾಯಿತು. ಇನ್ನೇನು ಬೈಗುಳ ಬಂತು ಎಂದು ಭೀಮಕ್ಕ ತಲೆ ತಗ್ಗಿಸಿದಳು.

"ಅಳಬ್ಯಾಡ್ರಿ. ದಾವಣಗೆರೆ ಬಸ್ಸು ಎಷ್ಟೊತ್ತಿಗೈತೆ?"

"ಎಲ್ಲಿಗೆ ಬೀಗ್ರೆ?"

"ನಿಮ್ಮ ಕಾರ್ಖಾನೆಗೆ. ವಿಷಕ್ಕೆ ಕುಂಕುಮ ಹಚ್ಚಿ ಹಂಚಿದ ಪುಣ್ಯಾತ್ಮರು ಯಾರು, ನಾನೂ ಒಂಚೂರು ನೋಡಬೇಕು. ಏ ಕಲ್ಪನಾ, ಬ್ಯಾರೆ ಸೀರೆ ಉಡು. ಡಾಕ್ಟ್ರ ಹತ್ರ ಹೋಗಿ ಬರಾಣ."

ತಂಬಿಗೆಯ ನೀರನ್ನು ಅಂಗಳಕ್ಕೆ ಚೆಲ್ಲಲು ಹೋದ ಬೀಗಿತಿಯನ್ನು ಭೀಮಕ್ಕ ತಡೆದಳು. ಓಣಿಯ ಕುರಿಗಳು ಬಾಯಿ ಹಾಕಿದರೆ ಅವಕ್ಕೂ ಅದೇ ಗತಿ. ಡ್ರಮ್ಮಿನ ತಳದಲ್ಲಿ ಉಳಿದಿದ್ದ ನೀರಿಗೇ ಅದನ್ನೂ ಸುರಿದು, ಮುಚ್ಚಳ ಬಿಗಿದು, ಇಬ್ಬರೂ ಒಂದೊಂದು ಕಡೆ ಹಿಡಿದು ರಸ್ತೆಗೆ ತಂದರು.

ಕಂಡಕ್ಟರ್ ಅದನ್ನು ಬಸ್ಸಿನ ಮೇಲೆ ಹಾಕಿ ಎಂದ. ಕೆಳಗಿನವರ ತಲೆ ಮೇಲೆ ಸೋರಿದರೆ ನೀನು ಉತ್ತರ ಕೊಡ್ತೀಯಾ ಎಂದು ಅಂತರಘಟ್ಟಮ್ಮ ಗದರಿದಳು. ಡ್ರಮ್ಮು ಹಿಂದಿನ ಸೀಟಿನ ಮೂಲೆ ಸೇರಿತು. ಪಕ್ಕದಲ್ಲಿ ಭೀಮಕ್ಕ, ಆಮೇಲೆ ಅಂತರಘಟ್ಟಮ್ಮ, ಆಚೆ ಕಿಟಕಿಗೆ ಕಲ್ಪನಾ.

"ನಿಮ್ಮ ದೊಡ್ಡ ಸಾಹೇಬ್ರಿಗೆ ಏನಂತ ಶುರು ಮಾಡಾಣ?"

"ಮೊದ್ಲು ನಮಸ್ಕಾರ ಅನ್ರಿ."

"ಅಂದು?"

"ಆಮೇಲೆ ನಿಮ್ಮ ಬಾಯಿಗೆ ಬಂದಿದ್ದು ಅನ್ರಿ." ಮೂರು ದಿನದಲ್ಲಿ ಮೊದಲ ಸಲ ಭೀಮಕ್ಕನಿಗೆ ನಗು ಬಂತು.

ಬೀಗಿತಿಯೂ ನಕ್ಕು ಏನೋ ಹೇಳಲು ಬಾಯಿ ತೆರೆದವಳು ತಟ್ಟನೆ ನಿಲ್ಲಿಸಿದಳು. ಕಲ್ಪನಾ ನಿದ್ದೆಗೆ ಜಾರಿ ಅತ್ತೆಯ ಭುಜಕ್ಕೆ ಒರಗಿದ್ದಳು. ಕಿಟಕಿಯ ಬಿಸಿಲು ನೇರ ಮುಖಕ್ಕೇ ಬೀಳುತ್ತಿತ್ತು. ಅಂತರಘಟ್ಟಮ್ಮ ಭುಜ ಅಲುಗದ ಹಾಗೆ ಸೆರಗೆಳೆದು ಕಿಟಕಿಗೆ ಅಡ್ಡ ಹಿಡಿದು ಕೂತಳು.