ಒಂದೇ ಒಲೆಯ ಊಟ

ಅನುಸೂಯಮ್ಮ ಇಬ್ಬರು ಹೆಣ್ಣುಮಕ್ಕಳ ತಟ್ಟೆಗೆ ಮುದ್ದೆ ಇಟ್ಟು ಬಸ್ಸಾರು ಬಿಡುವಾಗ ಆ ಮಾತು ತಪ್ಪದೆ ಬರುತ್ತಿತ್ತು.

“ಒಂದೇ ಒಲೆ, ಒಂದೇ ಪಾತ್ರೆ. ಮಂಜು ತಿಂದಿದ್ದು ಎಲ್ಲೋಯ್ತದೋ ಗೊತ್ತಾಗಲ್ಲ. ಯಮುನಂಗೆ ನೀರು ಕುಡಿದ್ರೂ ಮೈಗಂಟ್ಕೊಳ್ತದೆ.”

ಅವರಿಗೆ ಅದು ನಗುವ ಮಾತು. ಅಪ್ಪ ಸೊಣ್ಣಪ್ಪನೂ ನಗುತ್ತಿದ್ದರು. ಯಮುನಾ ಮಾತ್ರ ತಲೆ ತಗ್ಗಿಸಿ ಮುದ್ದೆಯಲ್ಲಿ ಅರ್ಧ ಮುರಿದು ಪಕ್ಕಕ್ಕಿಡುತ್ತಿದ್ದಳು.

ಬೆಂಗಳೂರಿನ ಅಂಚಿನ ಹೂಡಿಯ ಹಳೆಯ ಮನೆತನ ಅವರದು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡ ಎದ್ದಿತ್ತು. ಕೆಳಗೆ ಮನೆಯವರು, ಮೇಲೆಲ್ಲ ಟೆಕ್ ಪಾರ್ಕಿಗೆ ಹೋಗುವ ಬಾಡಿಗೆದಾರರು. ಯಮುನಾ ಹತ್ತಿರದ ಶಾಲೆಯಲ್ಲಿ ಟೀಚರ್. ಅವಳಿಗಿಂತ ಎರಡು ವರ್ಷಕ್ಕೆ ಚಿಕ್ಕವಳಾದ ಮಂಜುಶ್ರೀ ಕುಂದಲಹಳ್ಳಿಯ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ಯಮುನಾ ಬೆಳಗಾಗುವ ಮುಂಚೆ ಎದ್ದು ನಡೆಯುತ್ತಿದ್ದಳು, ರಾತ್ರಿ ಅನ್ನ ಬಿಟ್ಟಿದ್ದಳು. ಕಷ್ಟಪಟ್ಟು ಇಳಿಸಿದ್ದು ಒಂದು ಹಬ್ಬಕ್ಕೆ ವಾಪಸ್ ಬರುತ್ತಿತ್ತು. ಮಂಜುಶ್ರೀ ಬಿರಿಯಾನಿ ತಿಂದು ಮಧ್ಯಾಹ್ನವೆಲ್ಲ ಮಲಗಿ ಎದ್ದು, ಕಾಲೇಜಿಗೆ ಹಾಕುತ್ತಿದ್ದ ಜೀನ್ಸ್‌ನಲ್ಲೇ ಇಂದಿಗೂ ಹೊರಗೆ ಹೋಗುತ್ತಿದ್ದಳು.

ಆ ಭಾನುವಾರ ಮಾಕಳಿಯಿಂದ ಪದ್ಮಾವತಿ ಎಂಬಾಕೆ ತಮ್ಮ ಮಗ ನಂದೀಶನನ್ನು ಕರೆದುಕೊಂಡು ಯಮುನಾಳನ್ನು ನೋಡಲು ಬಂದರು. ಅವಳು ಮಾಡಿದ್ದ ಕೇಸರಿಬಾತನ್ನು ಮೆಚ್ಚಿ ಎರಡನೇ ಸಲ ಹಾಕಿಸಿಕೊಂಡರು. ಹೊರಡುವಾಗ ಗೇಟಿನ ಹತ್ತಿರ ದನಿ ತಗ್ಗಿಸಿದರು.

“ಹುಡ್ಗಿ ಲಕ್ಷಣವಾಗವ್ಳೆ ಕಣಮ್ಮ. ಆದ್ರೆ ನಮ್ ನಂದೀಶ ಸಣ್ಣಾಳು, ಜೋಡಿ ಅನ್ಸಾಕಿಲ್ಲ. ನಿಮ್ಮ ಚಿಕ್ಕವಳಿಗೆ ಎಲ್ಲಾದ್ರೂ ನೋಡಿದ್ದೀರಾ?”

ಕಿಟಕಿಯ ಹಿಂದೆ ನಿಂತಿದ್ದ ಯಮುನಾಳಿಗೆ ಎಲ್ಲವೂ ಕೇಳಿಸಿತು. ಅಮ್ಮ ಒಳಗೆ ಬಂದು ವಿಷಯ ತೆಗೆದಾಗ ಮಂಜುಶ್ರೀ ಸಿಡುಕಿದಳು. “ಅಕ್ಕನ್ನ ನೋಡೋಕೆ ಬಂದು ನನ್ನ ಕೇಳ್ತಾರಾ? ಬೇಡ ಅಂತ ಹೇಳ್ಬಿಡಮ್ಮ.”

ತಂಗಿಯ ಆ ಮಾತಿಗೆ ಯಮುನಾಳ ಮನಸ್ಸು ಕರಗಬೇಕಿತ್ತು. ಆದರೆ ಅದು ಇನ್ನಷ್ಟು ಉರಿಯಿತು. ಬಂದದ್ದನ್ನೆಲ್ಲ ಬೇಡ ಎನ್ನುವಷ್ಟು ಇದೆಯಲ್ಲ ಇವಳಿಗೆ ಎನ್ನಿಸಿತು.

ಮರುದಿನದಿಂದ ತಂಗಿಯ ಊಟದ ಡಬ್ಬಿ ತಾನೇ ಕಟ್ಟುವುದಾಗಿ ಯಮುನಾ ಹೇಳಿದಳು. ಅನ್ನದ ಅಡಿಯಲ್ಲಿ ಕಾಣದಂತೆ ತುಪ್ಪ ಹಾಕಿದಳು. ಚಪಾತಿಗೆ ಬೆಣ್ಣೆ ಸವರಿದಳು. ಸಂಜೆ ಮಂಜುಶ್ರೀ ದಣಿದು ಬಂದರೆ ಕೆನೆಹಾಲಿಗೆ ಬಾದಾಮಿ ಪುಡಿ ಕಲಸಿ, ಸಕ್ಕರೆ ಧಾರಾಳವಾಗಿ ಹಾಕಿ ಕೈಗೆ ಕೊಟ್ಟಳು. ತಂಗಿಗೆ ಕೇಡು ಬಯಸಿದೆ ಎಂದು ಅವಳಿಗೆ ಅನ್ನಿಸಲಿಲ್ಲ. ತಂಗಿಯ ಚೂಡಿದಾರವೂ ಒಂದು ಸಲ ಬಿಗಿಯಾಗಲಿ, ಅವಳೂ ಒಂದು ಸಲ ಕನ್ನಡಿಯಿಂದ ಮುಖ ತಿರುಗಿಸಲಿ, ಅಷ್ಟೇ.

“ನೋಡ್ರೀ, ತಂಗಿ ಮೇಲೆ ಎಷ್ಟು ಪ್ರೀತಿ ಅವ್ಳಿಗೆ,” ಎಂದು ಅನುಸೂಯಮ್ಮ ಗಂಡನಿಗೆ ಹೇಳಿಕೊಂಡು ಹಿಗ್ಗಿದರು.

ಯುಗಾದಿ ಕಳೆದು ಗೌರಿ ಹಬ್ಬ ಬಂತು. ಮಂಜುಶ್ರೀಯ ಕೈಬಳೆ ಕೂಡ ಬಿಗಿಯಾಗಲಿಲ್ಲ.

ಹಬ್ಬದ ನಂತರ ಮಂಜುಶ್ರೀಯ ಕಂಪನಿಯಲ್ಲಿ ಎಲ್ಲರಿಗೂ ರಕ್ತಪರೀಕ್ಷೆ ಮಾಡಿದರು. ಅವಳ ಸಕ್ಕರೆ ಅಂಶ ಕಾಯಿಲೆಯ ಗಡಿಗೆ ಬಂದಿತ್ತು, ರಕ್ತದಲ್ಲಿ ಕೊಬ್ಬು ಹೆಚ್ಚಾಗಿತ್ತು. “ಬೇರೆ ಯಾರದೋ ರಿಪೋರ್ಟ್ ಇರ್ಬೇಕು,” ಎಂದು ಅವಳು ನಕ್ಕಳು. ಆದರೂ ಅಮ್ಮ ಬಿಡದೆ ಇಬ್ಬರನ್ನೂ ಕರೆದುಕೊಂಡು ಕ್ಲಿನಿಕ್ಕಿಗೆ ಹೊರಟರು. ಅಲ್ಲಿ ನರ್ಸ್ ಮಂಜುಶ್ರೀಯ ಹೆಸರು ಕೂಗಿ, ಯಮುನಾಳ ಕಡೆ ನೋಡಿ, “ಬನ್ನಿ ಮೇಡಂ,” ಎಂದಳು.

ಡಾಕ್ಟರ್ ನಡುವಯಸ್ಸಿನ ಹೆಂಗಸು. ಇಬ್ಬರ ರಕ್ತವನ್ನೂ ಪರೀಕ್ಷಿಸಿದರು. ಮಂಜುಶ್ರೀಯದು ಮೊದಲಿನಂತೆಯೇ ಬಂತು. ಅಕ್ಕನಿಗೆ ಯಾವ ತೊಂದರೆಯೂ ಇರಲಿಲ್ಲ.

“ಮನೇಲಿ ಯಾರಿಗಾದ್ರೂ ಸಕ್ಕರೆ ಕಾಯಿಲೆ ಇತ್ತಾ?”

“ನಮ್ಮಪ್ಪನಿಗಿತ್ತು ಮೇಡಂ,” ಎಂದರು ಅನುಸೂಯಮ್ಮ. “ಕಡ್ಡಿ ಇದ್ದಂಗಿದ್ರು. ಸಣ್ಣಕ್ಕಿರೋರಿಗೆಲ್ಲಿ ಕಾಯ್ಲೆ ಅಂತ ಯಾರೂ ನೋಡ್ಲಿಲ್ಲ. ಕೊನೆಗೆ ಕಾಲಿನ ಗಾಯ ಮಾಯ್ಲೇ ಇಲ್ಲ.”

“ಚಿಕ್ಕವರು ಅವರ ಥರ ಇದ್ದಾರೆ. ದೊಡ್ಡವರು?”

“ಅವ್ಳು ನಮ್ಮತ್ತೆ ಅಚ್ಚು. ತುಂಬಿದ ಮೈ ಅವ್ರದು. ಎಂಬತ್ತು ದಾಟಿದ್ರೂ ಸೊಪ್ಪಿನ ಹೊರೆ ಹೊತ್ಕೊಂಡು ಸಂತೆಗೋಗೋರು.”

“ಮೂಗು, ಕಣ್ಣು ಬರೋ ಹಾಗೇ ಮೈಕಟ್ಟೂ ಹಿಂದಿನೋರಿಂದ ಬರುತ್ತೆ ಅಮ್ಮ,” ಎಂದರು ಡಾಕ್ಟರ್. “ಪೂರ್ತಿ ಅಲ್ಲ, ಆದ್ರೆ ಬಹಳಷ್ಟು. ಒಬ್ಬರಿಗೆ ಬಂದದ್ದು ಒಡಹುಟ್ಟಿದೋರಿಗೆ ಬರಬೇಕು ಅಂತಿಲ್ಲ. ಕಾಯಿಲೆಯೂ ಹಾಗೇ. ಮೈ ನೋಡಿ ಆರೋಗ್ಯ ಹೇಳೋಕಾಗಲ್ಲ.” ಆಮೇಲೆ ಮಂಜುಶ್ರೀಯ ಕಡೆ ತಿರುಗಿದರು. “ಬಂದಿದ್ದನ್ನ ಬದಲಾಯಿಸೋಕಾಗಲ್ಲ. ಊಟ ಮಾತ್ರ ನಮ್ಮ ಕೈಲಿದೆ. ತುಪ್ಪ, ಸಿಹಿ ಜಾಸ್ತಿ ತಿಂತೀರಾ?”

“ಇಲ್ಲ ಮೇಡಂ. ಮನೆ ಊಟಾನೇ. ಅಕ್ಕನೇ ಕಟ್ಟಿಕೊಡ್ತಾಳೆ.”



ಆ ಸಂಜೆ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುವಾಗ ಇಬ್ಬರೇ ಇದ್ದರು. ಯಮುನಾ ಹಗ್ಗವನ್ನು ಹಿಡಿದುಕೊಂಡೇ ಎಲ್ಲವನ್ನೂ ಹೇಳಿದಳು: ತುಪ್ಪ, ಬೆಣ್ಣೆ, ಹಾಲಿನ ಸಕ್ಕರೆ.

“ಯಾಕೆ?” ಮಂಜುಶ್ರೀಗೆ ಇನ್ನೂ ಅರ್ಥವಾಗಿರಲಿಲ್ಲ.

“ನೀನೂ ದಪ್ಪ ಆಗ್ಲಿ ಅಂತ. ಹೊಟ್ಟೆಕಿಚ್ಚು ಕಣೇ. ನಾನು ಅರೆಹೊಟ್ಟೇಲಿ ಮಲಗ್ತಿದ್ದೆ, ನೀನು ತಿಂದು ನಗ್ತಿದ್ದೆ.”

ಮಂಜುಶ್ರೀ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸುತ್ತಾ ನಿಂತಳು. ಅದನ್ನು ಬಿಡಿಸಿ ಮತ್ತೆ ಮಡಿಸಿದಳು.

“ಆ ಹಾಲು ನನಗೆ ಸೇರ್ತಾನೇ ಇರ್ಲಿಲ್ಲ ಅಕ್ಕ. ಅಷ್ಟು ಸಿಹಿ. ನೀನು ಪ್ರೀತಿಯಿಂದ ಕೊಡ್ತೀಯ ಅಂತ ಕುಡೀತಿದ್ದೆ.”

ಅಷ್ಟು ಹೇಳಿ ಕೆಳಗೆ ಇಳಿದುಹೋದಳು. ಬೈದಿದ್ದರೆ ಯಮುನಾಳಿಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು. ಅಂದಿನಿಂದ ಮಂಜುಶ್ರೀ ತನ್ನ ಡಬ್ಬಿ ತಾನೇ ಕಟ್ಟಿಕೊಂಡಳು. ಅಕ್ಕ ಕೇಳಿದ್ದಕ್ಕೆ ಹೂಂ, ಉಹೂಂ ಬಿಟ್ಟು ಬೇರೆ ಮಾತಿರಲಿಲ್ಲ. ಅಮ್ಮನಿಗೆ ಮಾತ್ರ ಅವಳು ಏನೂ ಹೇಳಲಿಲ್ಲ.

ದಸರೆಯ ಹೊತ್ತಿಗೆ ಕುಂದಲಹಳ್ಳಿಯ ಸಂಬಂಧಿಕರ ಮನೆಯಲ್ಲಿ ನಾಮಕರಣವಿತ್ತು. ಯಮುನಾ ಪಂಕ್ತಿಗೆ ಒಬ್ಬಟ್ಟು ಬಡಿಸುತ್ತಿದ್ದಳು. ಒಂದು ಕಡೆ ಮನೆಯ ಹಿರಿಯಜ್ಜಿ ಚಿಕ್ಕಮುನಿಯಮ್ಮ ತಮ್ಮ ಇಬ್ಬರು ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಹುಡುಗ ಸಣಕಲ, ಹುಡುಗಿ ದುಂಡಗೆ.

“ಅವನಿಗೆ ಎರಡಾಕು,” ಎಂದರು ಅಜ್ಜಿ. “ಇವ್ಳಿಗೆ ಬ್ಯಾಡ. ಈಗ್ಲೇ ಡ್ರಮ್ಮಾಗವ್ಳೆ.”

ಪಂಕ್ತಿಯಲ್ಲಿ ನಗು ಎದ್ದಿತು. ಹುಡುಗಿ ಎಲೆಯ ಮೇಲಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಅಂಥ ಕೈಯನ್ನು ಯಮುನಾ ಚೆನ್ನಾಗಿ ಬಲ್ಲಳು. ಬಗ್ಗಿ ಇಬ್ಬರ ಎಲೆಗೂ ಒಂದೊಂದು ಒಬ್ಬಟ್ಟು ಹಾಕಿದಳು.

“ಇಬ್ರಿಗೂ ಒಂದೊಂದೇ ಅಜ್ಜಿ. ಜಾಸ್ತಿ ತಿಂದ್ರೆ ಇಬ್ರಿಗೂ ಒಳ್ಳೇದಲ್ಲ. ಇನ್ನು ಮೈ, ಅದು ಅವಳು ಕೇಳ್ಕೊಂಡು ಬಂದಿದ್ದಲ್ಲ. ನೋಡಿ, ಥೇಟ್ ನಿಮ್ದೇ ತೋಳು.”

ಚಿಕ್ಕಮುನಿಯಮ್ಮ ತಮ್ಮ ದಪ್ಪ ತೋಳನ್ನೊಮ್ಮೆ, ಮೊಮ್ಮಗಳ ತೋಳನ್ನೊಮ್ಮೆ ನೋಡಿದರು. “ಊಂ ಕಣೇ, ನಂದೇಯ,” ಎಂದು ಹುಡುಗಿಯ ತಲೆ ಸವರಿದರು. ಹುಡುಗಿ ಒಬ್ಬಟ್ಟು ಮುರಿದಳು.

ಪಂಕ್ತಿಯ ಕೊನೆಯಲ್ಲಿ ಕುಳಿತಿದ್ದ ಮಂಜುಶ್ರೀ ಇದನ್ನೆಲ್ಲ ನೋಡುತ್ತಿದ್ದಳು. ಯಮುನಾ ಅವಳ ಮುಂದೆ ಬಂದು, ಹಾಕಲೋ ಬೇಡವೋ ಎಂದು ತಡೆದು ನಿಂತಳು. ತಂಗಿ ಉಟ್ಟಿದ್ದ ರೇಷ್ಮೆ ಸೀರೆ ಆ ತೆಳ್ಳನೆಯ ಮೈಗೆ ಎಷ್ಟು ಒಪ್ಪಿತ್ತು ಎಂದರೆ, ಯಮುನಾಳ ಎದೆಯಲ್ಲಿ ಹಳೆಯ ಮುಳ್ಳು ಮತ್ತೊಮ್ಮೆ ಚುಚ್ಚಿತು. ಈ ಸಲ ಅವಳು ಅದನ್ನು ಗುರುತಿಸಿದಳು. ಚುಚ್ಚಲಿ ಎಂದುಕೊಂಡಳು.

ಮಂಜುಶ್ರೀ ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

“ಬಡಿಸಿದ್ದು ಸಾಕು. ಕೂತ್ಕೋ ಅಕ್ಕ. ಒಂದು ಒಬ್ಬಟ್ಟು ಹಾಕ್ಕೋ, ಅರ್ಧ ನನಗೆ ಕೊಡು.”