ನಲವತ್ತೊಂದು ಹೆಬ್ಬೆಟ್ಟು

"ಆಳಂದದವ್ರು ಕಾಣಾಕತ್ತಿಲ್ರಿ! ಕ್ಯಾಮೆರಾ ಹಚ್ರಿ!" ಎಂದು ಅಫಜಲಪುರದ ಕಡೆಯಿಂದ ಯಾರೋ ಕೂಗಿದ್ದೇ ತಡ, ನಿಂಬೆವ್ವ ಕುರ್ಚಿ ಬಿಟ್ಟೆದ್ದು ಲ್ಯಾಪ್‌ಟಾಪಿನ ಮುಂದೆ ಹೋಗಿ ನಿಂತಳು. ತೆರೆಯ ತುಂಬ ಅವಳ ಸೆರಗೇ ಕಂಡಿತು. "ನಿಂಬೆವ್ವಾ, ಹಿಂದ ಸರೀರಿ," ಎಂದು ಡಾಕ್ಟರ್ ಬಸವೇಶ್ವರಿ ನಗುತ್ತ ಅವಳನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು.

ಆಳಂದದ ಔಷಧಿ ಅಂಗಡಿಯ ಮಾಳಿಗೆ ಮೇಲಿನ ಬಾಡಿಗೆ ಕೋಣೆ ಅದು. ಹಿರೋಳ್ಳಿಯ ಆಶಾ ಕಾರ್ಯಕರ್ತೆ ನಿಂಬೆವ್ವನಿಗೆ ಅಲ್ಲಿ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆಗುವುದಾದರೂ ಹೇಗೆ? ಬಸುರಿಯರ ರಕ್ತಹೀನತೆಗೆ ದಿನಾ ನುಂಗುವ ಕಬ್ಬಿಣಾಂಶದ ಗುಳಿಗೆ ಮೇಲೋ, ಅದನ್ನೇ ಒಂದೆರಡು ಸಲ ನರಕ್ಕೆ ಹಚ್ಚುವ ಸಲಾಯಿನ್ ಮೇಲೋ ಎಂದು ತಿಳಿಯುವ ಬಸವೇಶ್ವರಿಯವರ ಅಧ್ಯಯನ ಎಂಟು ತಿಂಗಳಿಂದ ಹೊಸ್ತಿಲು ದಾಟಿರಲಿಲ್ಲ. ಜನರ ಮೇಲೆ ನಡೆಸುವ ಇಂಥ ಸಂಶೋಧನೆಗೆ ಎಥಿಕ್ಸ್ ಕಮಿಟಿ ಹೂಂ ಅನ್ನಬೇಕು. ಇಲ್ಲಿ ಮೂರು ತಾಲೂಕಿಗೆ ಮೂರು ಕಮಿಟಿ! ಒಂದು, ಗಂಡನ ಸಹಿ ಬೇಕೆಂದಿತು. ಇನ್ನೊಂದು, ಗಂಡನ ಸಹಿ ಯಾತಕ್ಕೆ, ತೆಗೆಯಿರಿ ಎಂದಿತು. ಮೂರನೆಯದು ಇವೆರಡನ್ನೂ ನೋಡಿ ಒಪ್ಪಿಗೆ ಪತ್ರವನ್ನೇ ಹೊಸದಾಗಿ ಬರೆಯಿರಿ ಎಂದಿತು. ತಿದ್ದಿ ತಿದ್ದಿ ಡಾಕ್ಟರಿಗೆ ಸಾಕುಸಾಕಾಯಿತು. ಕಡೆಗೆ ಮೂರೂ ಕೂಡಿ ಒಂದೇ ಕಮಿಟಿ, ಒಂದೇ ಪತ್ರ, ಒಂದೇ ತೀರ್ಮಾನ ಎಂದಾಯಿತು. ಇವತ್ತು ಅದರ ಮೊದಲ ಸಭೆ. ಹೂಂ ಎಂದರೆ ನಾಳೆಯೇ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಶುರು.

ನಿಂಬೆವ್ವನ ಚೀಲದಲ್ಲಿ ಒಂದು ಗುಟ್ಟಿತ್ತು. ತನ್ನ ಪಟ್ಟಿಯ ನಲವತ್ತೊಂದು ಬಸುರಿಯರ ಹೆಬ್ಬೆಟ್ಟನ್ನು ಅವಳು ಒಪ್ಪಿಗೆ ಪತ್ರಗಳ ಮೇಲೆ ಮೂರೇ ದಿನದಲ್ಲಿ ಒತ್ತಿಸಿಕೊಂಡು ಬಂದಿದ್ದಳು. ನಮ್ಮ ಆಳಂದ ಎಲ್ಲರಿಗಿಂತ ಮುಂದೆ ಎಂದು ಎದ್ದು ತೋರಿಸಿದರೆ ಡಾಕ್ಟರ ಮುಖ ಹೇಗಾದೀತು! ಪತ್ರ ನಾಲ್ಕು ಪುಟ. ಅದನ್ನು ಯಾರು ಓದುತ್ತ ಕೂರುತ್ತಾರೆ? ತಾಯಿ ಕಾರ್ಡಿಗೆ, ಅಂಗನವಾಡಿ ರಿಜಿಸ್ಟರಿಗೆ, ಹತ್ತೊಂಬತ್ತು ವರ್ಷದಿಂದ ಎಲ್ಲದಕ್ಕೂ ಅವಳು ಓದದೆಯೇ ಒತ್ತಿಸಿಕೊಂಡು ಬಂದಿದ್ದಳು.

ತೆರೆಯ ಮೇಲೆ ಜೇವರ್ಗಿಯ ಅಖ್ತರಬೇಗಂ ಕೈ ಎತ್ತಿದರು. ಡಾಕ್ಟರಲ್ಲದ ಊರ ಮಂದಿಯ ಪರವಾಗಿ ಕಮಿಟಿಯಲ್ಲಿ ಇದ್ದವರು ಅವರು.

"ಗುರಣ್ಣ ಸಾಹೇಬ್ರ, ಒಂದ್ ಮಾತ್ರಿ. ನಾ ಮೂವತ್ತ ವರ್ಷ ಅಂಗನವಾಡಿ ನಡಸಿದಾಕಿ. ಮೊದಲ ಹೆಬ್ಬಟ್ಟ, ಆಮ್ಯಾಲ ಮಾತು, ನಮ್ಮ ರಿವಾಜೇ ಅದು. ಇಲ್ಲಿ ಅದು ನಡೀಬಾರ್ದು. ಮೊದಲ ಓದಿ ಹೇಳ್ಬೇಕು. ಆಕಿ ತನ್ನ ಮಾತಿನ್ಯಾಗ ತಿರುಗಿ ಹೇಳ್ಬೇಕು. ಅದಕ್ಕೂ ಮೊದಲ ಒತ್ತಿಸಿದ್ರ ಆ ತಾಲೂಕ ಬಂದ್!"

ಅಧ್ಯಕ್ಷ ಗುರಣ್ಣ ಕನ್ನಡಕ ಏರಿಸಿದರು. "ಖರೇ ಅದ. ಬರಕೋರಿ. ಮೂರಕ್ಕೂ ಒಂದೇ ಕಾಯ್ದೆ."

ಎಲಾ ಇವಳ! ನಿಂಬೆವ್ವ ಚೀಲವನ್ನು ಕಾಲಿನಿಂದ ಮೆಲ್ಲಗೆ ಕುರ್ಚಿಯ ಕೆಳಗೆ ತಳ್ಳಿದಳು. ಯಾರಿಗೆ ಗೊತ್ತಾಗುತ್ತದೆ? ಮನೆಗೆ ಹೋಗಿ ಒಲೆಗೆ ಹಾಕಿದರೆ ಮುಗಿಯಿತು. ಬಾಯಿ ಬಿಟ್ಟರೆ ಆಳಂದ ಹೋಯಿತು, ನಾಲ್ಕು ಹೆಜ್ಜೆಗೆ ಏದುಸಿರು ಬಿಡುವ ತನ್ನ ಬಸುರಿ ಹುಡುಗಿಯರ ಪಾಲೂ ಹೋಯಿತು.

"ಜೇವರ್ಗಿ?" ಎಂದರು ಗುರಣ್ಣ.

"ತಯಾರ್ರಿ!"

"ಅಫಜಲಪುರ?"

"ತಯಾರ್ರಿ!"

"ಆಳಂದ?"

ಏನೂ ಅರಿಯದ ಬಸವೇಶ್ವರಿ ತಯಾರು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ನಿಂಬೆವ್ವ ಎದ್ದು ನಿಂತಿದ್ದಳು. "ಸಾಹೇಬ್ರ, ನಾ ಆಗಲೇ ಒತ್ತಿಸೀನ್ರಿ. ನಲವತ್ತೊಂದು. ಓದಿ ಹೇಳೀನಿ ಅಂತ ಕೆಳಗ ನನ್ನ ಸಹಿ ಅದರಿ. ಓದಿಲ್ರಿ. ಡಾಕ್ಟರಿಗೆ ಇದು ಗೊತ್ತೇ ಇಲ್ರಿ." ಕಟ್ಟನ್ನು ತೆಗೆದು ಮೇಜಿನ ಮೇಲಿಟ್ಟಳು. ಬಸವೇಶ್ವರಿಯವರ ಮುಖ ಬಿಳಿಚಿಕೊಂಡಿತು.

ಕಮಿಟಿಯವರು ಅರ್ಧ ಗಂಟೆ ತಮ್ಮತಮ್ಮಲ್ಲೇ ಜಗ್ಗಾಡಿದರು. ಆಮೇಲೆ ಗುರಣ್ಣ ಹೇಳಿದರು: "ಎರಡ ತಾಲೂಕ ನಾಳೆ ಶುರು. ಆಳಂದದ ಆ ಪತ್ರ ಎಲ್ಲಾ ರದ್ದು, ಸೀಲ್ ಮಾಡಿ ನಮಗ ಕಳಿಸ್ರಿ. ನಾಳೆ ನಿಂಬೆವ್ವ ಡಾಕ್ಟರ ಮುಂದ ಐದ ಮನಿಗೆ ಓದಿ ಹೇಳ್ಲಿ. ಐದೂ ಮಂದಿಗೆ ತಿಳೀತು, ಆಳಂದ ಶುರು. ಒಬ್ಬಾಕಿಗೆ ತಿಳೀಲಿಲ್ಲ, ಆಳಂದ ಬಿಟ್ಟಂಗ."

"ಏ ನಿಂಬೆವ್ವಾ, ಘಾಬರಿ ಆಗಬ್ಯಾಡ ಬೇ! ಸಾವಕಾಶ ಓದು!" ಎಂದು ಅಖ್ತರಬೇಗಂ ಕೂಗುತ್ತಿದ್ದಂತೆ ತೆರೆ ಆರಿತು.

ಮರುದಿನ ಹಿರೋಳ್ಳಿಯಲ್ಲಿ ನಾಲ್ಕು ಮನೆ ಸಲೀಸಾಗಿ ಮುಗಿದವು. ನಾಲ್ವರೂ ತಿರುಗಿ ಹೇಳಿದರು, ನಾಲ್ವರೂ ಒಪ್ಪಿದರು. ನಿಂಬೆವ್ವ ನಡೆಯುತ್ತಿದ್ದಳೋ ಹಾರುತ್ತಿದ್ದಳೋ, ಡಾಕ್ಟರಿಗೆ ಹಿಂದೆ ಬರುವುದೇ ಕಷ್ಟವಾಯಿತು. ಐದನೆಯದು ಸೀಮಾಳ ಮನೆ. ಐದು ತಿಂಗಳ ಬಸುರಿ, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಿಂಬೆವ್ವ ನಾಲ್ಕೂ ಪುಟ ಓದಿದಳು, ಅರ್ಥ ಹೇಳಿದಳು. "ಈಗ ನೀ ಹೇಳು ನೋಡಮು."

"ಚೀಟಿ ಎತ್ತಿ ಯಾರಿಗೆ ಗುಳಿಗಿ, ಯಾರಿಗೆ ಸಲಾಯಿನ್ ಅಂತ ಆರಸ್ತೀರಿ. ಮೂರ ಸಲ ರಕ್ತ ತಗೋತೀರಿ. ನಡುವ ಬಿಡಬಹುದು. ಬ್ಯಾಡಂದ್ರೂ ದವಾಖಾನಿ ಔಷಧ ತಪ್ಪಂಗಿಲ್ಲ. ಹೌದಲ್ಲ?"

ಒಂದಕ್ಷರ ಬಿಟ್ಟಿರಲಿಲ್ಲ! ನಿಂಬೆವ್ವ ಸರ್ರನೆ ಶಾಯಿ ಪ್ಯಾಡು ತೆಗೆದಳು. "ಬಾ ಬೇ ನನ್ನವ್ವ, ಒತ್ತು."

"ಒಲ್ಲೆ ಅಕ್ಕ," ಎಂದಳು ಸೀಮಾ. "ಚೀಟಿ ಮ್ಯಾಲ ನನ್ನ ಔಷಧ ಬ್ಯಾಡ. ದವಾಖಾನಿ ಗುಳಿಗಿ ನುಂಗ್ತೇನಿ."

ಹೋಯಿತು, ದಡ ಮುಟ್ಟುವಾಗ ಎಲ್ಲ ಹೋಯಿತು ಎಂದುಕೊಂಡು ನಿಂಬೆವ್ವ ಡಾಕ್ಟರ ಕಡೆ ತಿರುಗಿದಳು. ಬಸವೇಶ್ವರಿ ನಗುತ್ತಿದ್ದರು.

"ಆಕಿಗೆ ತಿಳದದಲ್ಲ, ನಿಂಬೆವ್ವಾ! ಕಮಿಟಿಯವ್ರು ಕೇಳಿದ್ದು ಅಷ್ಟೇ. ಐದಕ್ಕ ಐದು! ಆಳಂದ ಶುರು!" ಎಂದವರೇ ಫೋನು ಹಿಡಿದು ಅಂಗಳಕ್ಕೆ ಓಡಿದರು. ಗುರಣ್ಣನವರಿಗೆ ಹೇಳುವ ಅವರ ದನಿ ಬೀದಿಯ ಆ ತುದಿಗೂ ಕೇಳುವಂತಿತ್ತು.

ನಿಂಬೆವ್ವನಿಗೆ ನಗು ಬಂತು, ಕಣ್ಣೂ ತುಂಬಿತು. ಇಷ್ಟು ವರ್ಷದಲ್ಲಿ ಒಮ್ಮೆಯೂ ಬರೆಯದಿದ್ದ ಮಾತನ್ನು, 'ಒಪ್ಪಿಲ್ಲ' ಎಂದು, ಸೀಮಾಳ ಹೆಸರಿನ ಮುಂದೆ ದುಂಡಗೆ ಬರೆದಳು. ಆದರೂ ಮನಸ್ಸು ತಡೆಯಲಿಲ್ಲ.

"ಅಲ್ಲ ಬೇ, ಆವತ್ತ ಹೆಬ್ಬಟ್ಟ ಯಾಕ ಸುಮ್ಮನ ಒತ್ತಿದಿ?"

"ಆವತ್ತ ನೀ ಎಲ್ಲಿ ಕೇಳಿದಿ ಅಕ್ಕ? ಬೆರಳ ಹಿಡದಿ, ಒತ್ತಿದಿ."

ಸೀಮಾ ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಹೇಳಿ ಒಲೆಯ ಕಡೆ ತಿರುಗಿ ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡಳು. ಅಂಗಳದಿಂದ ಡಾಕ್ಟರು ಕರೆಯುತ್ತಿದ್ದರು. ಸೀಮಾಳ ಎರಡೂ ಕೈಗಳ ಕೆಳಗೆ ರೊಟ್ಟಿ ತಿರುಗುತ್ತ ಅಗಲವಾಗುವುದನ್ನು ನಿಂಬೆವ್ವ ನೋಡುತ್ತ ನಿಂತಳು.