ಮಂಡಿಯೂರಿದ ನಾವಿಕ

ಒಹಾಯೋದ ನಮ್ಮ ಸಣ್ಣ ಊರಿನ ಒಪೆರಾ ಹೌಸ್ ಎಂಬ ನಾಟಕಮಂದಿರದ ಚಾವಣಿ ಸೋರುತ್ತಿತ್ತು. ಕಾರು ವ್ಯಾಪಾರಿ ವೆಂಡೆಲ್ ಹೋಸ್ಟೆಟ್ಲರ್ ಅದನ್ನು ರಿಪೇರಿ ಮಾಡಿಸಿಕೊಟ್ಟರು. ಹಾಗಾಗಿ ಆ ವರ್ಷ ನಾವು ಆಡಿದ ಯುದ್ಧಕಾಲದ ಹಳೆಯ ಸಂಗೀತ ಪ್ರಹಸನದಲ್ಲಿ ಇಪ್ಪತ್ತರ ಹರೆಯದ ನಾಯಕ ನಾವಿಕನ ಪಾತ್ರ ಅರವತ್ತು ದಾಟಿದ ಅವರ ಪಾಲಾಯಿತು. ನಾಯಕಿ ಶಾಲೆಯ ಟೀಚರ್ ಮಾರ್ಸಿ. ಗಂಡಸರು ಸಾಲದ್ದರಿಂದ ಉಳಿದ ನಾವಿಕರೆಲ್ಲ ಮೀಸೆ ಅಂಟಿಸಿಕೊಂಡ ಚರ್ಚಿನ ಹೆಂಗಸರು, ನಾನೂ ಸೇರಿ.

ಮೊದಲ ಪ್ರದರ್ಶನದಲ್ಲಿ ಪ್ರೇಮ ನಿವೇದಿಸಲು ಮಂಡಿಯೂರಿದ ವೆಂಡೆಲ್‌ಗೆ ಮೇಲೇಳಲಾಗಲಿಲ್ಲ. ವಾದ್ಯದವರು ಅದೇ ಹಾಡನ್ನು ಮತ್ತೆ ಮತ್ತೆ ನುಡಿಸಿದರು. ಕೊನೆಗೆ ಮಾರ್ಸಿ ಅವರ ಕಂಕುಳಿಗೆ ಕೈಹಾಕಿ, "ಏಳಯ್ಯಾ, ಯುದ್ಧ ಮುಗಿಯೋದ್ರೊಳಗೆ ಮದ್ವೆ ಆಗ್ಬೇಕು," ಎಂದು ಎತ್ತಿ ನಿಲ್ಲಿಸಿದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮರುದಿನ ವೆಂಡೆಲ್ ಸಿಕ್ಕಸಿಕ್ಕವರಿಗೆಲ್ಲ, "ಅದು ನಾನು ಬೇಕಂತ್ಲೇ ಮಾಡಿದ್ದು. ಪಾಪ, ಆ ಹುಡುಗಿ ಗಾಬರಿಯಾಗ್ಬಿಟ್ಲು," ಎಂದು ಹೇಳಿಕೊಂಡು ತಿರುಗಿದರು. ಮಾರ್ಸಿಗೂ ಪಾಠ ಹೇಳಿದರು: "ಇವತ್ತೂ ಹಾಗೇ ಮಾಡ್ತೀನಿ. ಹಾಸ್ಯ ನಾನು ನೋಡ್ಕೋತೀನಿ, ನೀನು ಎತ್ತಿದ್ರೆ ಸಾಕು."

"ಆಗ್ಲಿ ಸರ್," ಅಂದಳು ಮಾರ್ಸಿ.

ಆ ಸಂಜೆ ಅವರು ಮಂಡಿಯೂರಿ, ಹಾಡಿ, ಕೈ ಚಾಚಿದರು. ಮಾರ್ಸಿ ಅವರನ್ನೇ ಒಂದು ಕ್ಷಣ ನೋಡಿದಳು. "ಬೇಕಂತ್ಲೇ ಕೂತೋರು ತಾವಾಗೇ ಏಳ್ತಾರೆ," ಎಂದವಳೇ ಪಕ್ಕದಲ್ಲಿ ಮೀಸೆ ಅಂಟಿಸಿಕೊಂಡು ನಿಂತಿದ್ದ ನನ್ನ ತೋಳು ಹಿಡಿದು ರಂಗದ ಮೇಲಿನ ರಟ್ಟಿನ ಹಡಗು ಹತ್ತಿದಳು. ವೆಂಡೆಲ್ ಪರದೆ ಬೀಳುವವರೆಗೂ ಮಂಡಿಯ ಮೇಲೆಯೇ ಇದ್ದು, ಇಬ್ಬರ ಹಾಡನ್ನೂ ಒಬ್ಬರೇ ಹಾಡಿ ಮುಗಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಮಾತ್ರ ಹಡಗಿನಲ್ಲಿದ್ದ ನಮ್ಮ ಕಡೆಗೆ ತಿರುಗಿ.